ಗಳಿಗೆಬಟ್ಟಲಿನಿಂದ ಟೈಮರಿಗೆ: ಮೈಕ್ರೋಕಂಟ್ರೋಲರಿನ ಕಾಲಗಣನೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹಲಸಿ ಎಂಬ ಗ್ರಾಮವಿದೆ. ಪ್ರಾಚೀನ ಕದಂಬರ ಕಾಲದಲ್ಲಿ ಅದಕ್ಕೆ ಪಲಾಶಿಕಾ ಎಂದು ಹೆಸರಿದ್ದಿತು. ಅಲ್ಲಿ ದೊರೆತ ತಾಮ್ರಶಾಸನಗಳಲ್ಲೊಂದು, ಯುವರಾಜನಾಗಿದ್ದ ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬ ಸೇನಾಪತಿಗೆ ಖೇಟಗ್ರಾಮದಲ್ಲಿ ಭೂಮಿಯನ್ನು ಕೊಟ್ಟುದನ್ನು ತಿಳಿಸುತ್ತದೆ. ದಾನದ ಕಾಲವನ್ನು ಶಾಸನವು ಎಂಬತ್ತನೆಯ ವರ್ಷವೆಂದು ಹೇಳುತ್ತದೆ. ಎಲ್ಲಿಂದ ಎಂಬತ್ತನೆಯದು? ಇನ್ನೂ ಯುವರಾಜನಾಗಿರುವವನ ಆಳಿಕೆಯ ಎಂಬತ್ತನೆಯ ವರ್ಷವೆಂಬುದು ಆಗದ ಮಾತು. ಮಯೂರಶರ್ಮನು ರಾಜ್ಯವನ್ನು ಕಟ್ಟಿದಂದಿನಿಂದ ಎಣಿಸಬೇಕೆಂದು ಕೆಲವು ವಿದ್ವಾಂಸರೂ, ಇದು ಗುಪ್ತಶಕೆಯ ಎಂಬತ್ತನೆಯ ವರ್ಷವೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಅಂಕೆ ಸ್ಪಷ್ಟವಾಗಿದೆ, ಅಕ್ಷರ ಸ್ಪಷ್ಟವಾಗಿದೆ. ಆದರೆ ಎಣಿಕೆ ಸೊನ್ನೆಯಿಂದ ಹೊರಟ ಸ್ಥಳ ಮಾತ್ರ ತಗಡಿನ ಮೇಲಿಲ್ಲ.

ಇತಿಹಾಸದ ಅಧ್ಯಾಪಕರಾದ ನಮಗೆ ಈ ಶಾಸನವು ತರಗತಿಯ ನಿತ್ಯದ ಉದಾಹರಣೆ. ಅದೇ ಪ್ರಶ್ನೆ ಒಂದು ವಿದ್ಯುತ್ ಪೆಟ್ಟಿಗೆಯೊಳಗಿನಿಂದ ನಮ್ಮನ್ನು ಎದುರುಗೊಳ್ಳುವುದೆಂದು ನಾವು ನಿರೀಕ್ಷಿಸಿರಲಿಲ್ಲ. ಮೈಕ್ರೋಕಂಟ್ರೋಲರುಗಳಲ್ಲಿರುವ ಟೈಮರುಗಳು ಹೇಗೆ ಎಣಿಸುತ್ತವೆ, ಅವುಗಳಿಂದ ಕಾಲವನ್ನು ಅಳೆಯಿಸುವುದು ಹೇಗೆ, ಎಲ್ಲಿ ತಪ್ಪು ನುಸುಳುತ್ತದೆ ಎಂಬುದನ್ನು ಕಲಾವಿಭಾಗದ ಓದುಗರಿಗೂ ತಿಳಿಯುವಂತೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯತಜ್ಞರಿಗೆ ಇದರಲ್ಲಿ ಹೊಸತೇನೂ ದೊರೆಯಲಾರದು; ಅವರು ನಮ್ಮ ಉದಾಹರಣೆಗಳನ್ನು ಸಹಿಸಿಕೊಳ್ಳಬೇಕು.

ಮೊದಲು ಪ್ರಸಂಗವನ್ನು ಹೇಳಿಬಿಡುವುದು ಲೇಸು. ನಾವು ಪಾಠ ಹೇಳುವ ಬೆಳಗಾವಿಯ ಕಾಲೇಜಿನಲ್ಲಿ ಗಂಟೆ ಬಾರಿಸುತ್ತಿದ್ದ ಸಿಪಾಯಿ ನಿವೃತ್ತನಾದ ಮೇಲೆ ಆ ಕೆಲಸಕ್ಕೆ ಒಂದು ಸ್ವಯಂಚಾಲಿತ ಪೆಟ್ಟಿಗೆ ಬಂದಿತು. ಅದನ್ನು ಮಾಡಿದವರು ಯಾರೆಂಬುದು ಇಲ್ಲಿ ಅಪ್ರಸ್ತುತ. ಕಾಲಗಣನೆಯ ವಿಷಯದಲ್ಲಿ ಇತಿಹಾಸದವರಿಗೆ ಸ್ವಲ್ಪ ಪರಿಚಯವಿರಬೇಕೆಂಬ ವಿನೋದದ ಕಾರಣದಿಂದಲೋ ಏನೋ, ಪೆಟ್ಟಿಗೆಯ ಉಸ್ತುವಾರಿಯನ್ನು ನಮಗೆ ಒಪ್ಪಿಸಿದರು. ಮೊದಲ ವಾರ ಎಲ್ಲವೂ ಸರಿಯಾಗಿತ್ತು. ಮೂರು ವಾರ ಕಳೆಯುವುದರೊಳಗೆ ಸಂಜೆಯ ಕೊನೆಯ ಗಂಟೆ ಆರು ನಿಮಿಷ ತಡವಾಗಿ ಬಾರಿಸತೊಡಗಿತು. ಬೆಳಗಾವಿ ನಗರದ ವಿದ್ಯಾರ್ಥಿಗೆ ಆರು ನಿಮಿಷವೆಂದರೆ ಏನೂ ಅಲ್ಲ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಖಾನಾಪುರದ ಕಡೆಯವರು. ಖಾನಾಪುರದಲ್ಲಿ ಇಳಿದು ಜಾಂಬೋಟಿ, ನಂದಗಡ, ಲೋಂಡಾ ದಿಕ್ಕಿನ ಬಸ್ಸನ್ನು ಹಿಡಿಯಬೇಕಾದವರು. ಮಳೆಗಾಲದ ಸಂಜೆ ಇಲ್ಲಿ ಆರು ನಿಮಿಷ ತಪ್ಪಿದರೆ ಅಲ್ಲಿ ಒಂದು ಬಸ್ಸು ತಪ್ಪುತ್ತದೆ. ಆ ಬಸ್ಸು ತಪ್ಪಿದರೆ ಕೆಲವು ಊರುಗಳಿಗೆ ಆ ದಿನ ಮತ್ತೊಂದಿಲ್ಲ. ಒಬ್ಬ ವಿದ್ಯಾರ್ಥಿನಿ ಎರಡು ರಾತ್ರಿ ಖಾನಾಪುರದಲ್ಲಿ ಬಂಧುಗಳ ಮನೆಯಲ್ಲಿ ಉಳಿಯಬೇಕಾಯಿತು. ಅವಳ ತಂದೆ ಬಂದು ನಮ್ಮನ್ನು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕಲು ಪೆಟ್ಟಿಗೆಯನ್ನು ಬಿಚ್ಚಿದೆವು. ಒಳಗೆ ಇದ್ದುದು ಐವತ್ತು ಪೈಸೆಯ ನಾಣ್ಯದಷ್ಟಗಲದ ಒಂದು ಬೆಳ್ಳಿಬಣ್ಣದ ಡಬ್ಬಿ, ಉದ್ದನೆಯ ಕಪ್ಪು ಚಿಪ್ಪು ಒಂದು, ಮತ್ತು ಗಂಟೆಯನ್ನು ಚಾಲೂ ಮಾಡುವ ರಿಲೇ. ಚಿಪ್ಪಿನ ಮೇಲೆ ೮೯ಎಸ್೫೨ ಎಂದು ಬರೆದಿತ್ತು. ಇದು ೧೯೮೦ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ೮೦೫೧ ಎಂಬ ಮೈಕ್ರೋಕಂಟ್ರೋಲರಿನ ಕುಲಕ್ಕೆ ಸೇರಿದ್ದು. ನಮ್ಮ ಭಾಗದ ತಾಂತ್ರಿಕ ವಿದ್ಯಾರ್ಥಿಗಳಿಗೆ ಇದು ಚಿರಪರಿಚಿತ; ೧೯೯೮ರಲ್ಲಿ ಸ್ಥಾಪಿತವಾದ, ಖಾನಾಪುರದ ರಸ್ತೆಯಲ್ಲಿ ಮಚ್ಛೆಯ ಬಳಿ ನೆಲೆಸಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ೮೦೫೧ ಬಹುಕಾಲ ಕಡ್ಡಾಯದ ಪಾಠವಾಗಿತ್ತು. ಬೆಳ್ಳಿಬಣ್ಣದ ಡಬ್ಬಿಯೊಳಗೆ ಸ್ಫಟಿಕದ ತುಣುಕೊಂದಿದ್ದು, ಅದು ಸೆಕೆಂಡಿಗೆ ೧,೨೦,೦೦,೦೦೦ ಬಾರಿ ಕಂಪಿಸುತ್ತದೆ. ೮೦೫೧ರ ಮೂಲ ರಚನೆಯಲ್ಲಿ ಇಂತಹ ಹನ್ನೆರಡು ಕಂಪನಗಳಿಗೆ ಒಂದು ಯಂತ್ರಾವರ್ತ. ಆದುದರಿಂದ ಟೈಮರಿಗೆ ತಲುಪುವ ಸ್ಪಂದಗಳು ಸೆಕೆಂಡಿಗೆ ಹತ್ತು ಲಕ್ಷ. ಒಂದೊಂದರ ಅಂತರ ಒಂದು ಮೈಕ್ರೋಸೆಕೆಂಡು.

ಟೈಮರೆಂದರೆ ಏನು? ಹೆಸರು ದೊಡ್ಡದಾದರೂ ವಸ್ತುತಃ ಅದೊಂದು ಎಣಿಕೆಯ ಪಾತ್ರೆ. ಸ್ಪಂದವೊಂದು ಬಂದಾಗ ತನ್ನಲ್ಲಿರುವ ಅಂಕೆಗೆ ಒಂದನ್ನು ಕೂಡಿಸಿಕೊಳ್ಳುವುದಷ್ಟೇ ಅದರ ಕೆಲಸ. ಅದಕ್ಕೆ ಗಂಟೆ, ನಿಮಿಷ ಯಾವುದೂ ತಿಳಿಯದು. ೮೦೫೧ರಲ್ಲಿರುವ ಟೈಮರಿನ ಅಗಲ ಹದಿನಾರು ಬಿಟ್ಟು. ಎಂದರೆ ಅದು ಸೊನ್ನೆಯಿಂದ ೬೫,೫೩೫ರವರೆಗೆ ಎಣಿಸಬಲ್ಲದು. ಮುಂದಿನ ಸ್ಪಂದಕ್ಕೆ ಅದು ತುಂಬಿ ಹೊರಳಿ ಮರಳಿ ಸೊನ್ನೆಯಾಗುತ್ತದೆ. ಹೊರಳುವ ಕ್ಷಣದಲ್ಲಿ ಪಕ್ಕದ ಒಂದು ಬಿಟ್ಟು ಮೇಲೇಳುತ್ತದೆ. ಅದಕ್ಕೆ ಫ್ಲ್ಯಾಗ್, ಎಂದರೆ ಧ್ವಜ ಎಂದು ಹೆಸರು. ಮುಖ್ಯ ಕ್ರಮವಿಧಿ ಬೇರೆ ಯಾವ ಕೆಲಸದಲ್ಲಿದ್ದರೂ ಟೈಮರು ತನ್ನಷ್ಟಕ್ಕೆ ಎಣಿಸುತ್ತಲೇ ಇರುತ್ತದೆ. ಹಾರ್ಡ್‌ವೇರ್ ಟೈಮರೆಂದು ಅದನ್ನು ಕರೆಯುವುದು ಈ ಸ್ವಾತಂತ್ರ್ಯದ ಕಾರಣದಿಂದಲೇ.

ತುಂಬಿ ಹೊರಳಿ ಮೊದಲಿಗೆ ಬರುವ ಎಣಿಕೆ ನಮ್ಮವರಿಗೆ ಹೊಸದಲ್ಲ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರ ಇಂತಹುದೇ. ಅಕ್ಷಯ ಮುಗಿದರೆ ಮತ್ತೆ ಪ್ರಭವ. ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿರುವ ಗೋವೆಯ ಕದಂಬರ ಶಾಸನ ಕಲಿಯುಗದ ೪೨೭೦ನೆಯ ವರ್ಷವನ್ನೂ ವಿರೋಧಿ ಸಂವತ್ಸರವನ್ನೂ ಜೊತೆಯಾಗಿ ಹೇಳುತ್ತದೆ. ಅದು ಕ್ರಿ.ಶ. ೧೧೬೯-೭೦ಕ್ಕೆ ಸರಿಹೊಂದುತ್ತದೆ. ಕೇವಲ ವಿರೋಧಿ ಎಂದಿದ್ದರೆ ಅದು ೧೧೦೯ ಆಗಬಹುದಿತ್ತು, ೧೨೨೯ ಆಗಬಹುದಿತ್ತು. ಚಕ್ರ ಎಷ್ಟು ಬಾರಿ ಹೊರಳಿತೆಂಬುದನ್ನು ಕಲಿವರ್ಷದ ದೊಡ್ಡ ಅಂಕೆ ಕಾಯ್ದಿಟ್ಟಿದೆ. ಮೈಕ್ರೋಕಂಟ್ರೋಲರಿನಲ್ಲಿಯೂ ಇದೇ ವ್ಯವಸ್ಥೆ: ಸಣ್ಣ ಚಕ್ರವನ್ನು ಟೈಮರು ತಿರುಗಿಸುತ್ತದೆ, ಎಷ್ಟು ಬಾರಿ ತಿರುಗಿತೆಂಬ ದೊಡ್ಡ ಲೆಕ್ಕವನ್ನು ಕ್ರಮವಿಧಿ ಸ್ಮೃತಿಕೋಶದಲ್ಲಿ ಬರೆದಿಡಬೇಕು.

ಈಗ ನಮ್ಮ ಪೆಟ್ಟಿಗೆಯ ಲೆಕ್ಕವನ್ನು ನೋಡಬಹುದು. ಸೊನ್ನೆಯಿಂದ ಹೊರಟರೆ ಟೈಮರು ೬೫,೫೩೬ ಮೈಕ್ರೋಸೆಕೆಂಡಿಗೊಮ್ಮೆ ಹೊರಳುತ್ತದೆ. ಈ ಸಂಖ್ಯೆಯಿಂದ ಸೆಕೆಂಡನ್ನು ಸಮನಾಗಿ ಭಾಗಿಸಲಾಗುವುದಿಲ್ಲ. ಆದುದರಿಂದ ಎಣಿಕೆಯನ್ನು ಸೊನ್ನೆಯಿಂದಲ್ಲದೆ ಒಂದು ಆರಂಭಾಂಕದಿಂದ ಹೊರಡಿಸುತ್ತಾರೆ. ೫೦,೦೦೦ ಸ್ಪಂದಗಳ ನಂತರ ಹೊರಳಬೇಕಾದರೆ ೬೫,೫೩೬ರಲ್ಲಿ ೫೦,೦೦೦ವನ್ನು ಕಳೆದು ೧೫,೫೩೬ನ್ನು ತುಂಬಿಡಬೇಕು. ಟೈಮರಿನ ಪಾತ್ರೆ ಎಂಟೆಂಟು ಬಿಟ್ಟುಗಳ ಎರಡು ಭಾಗವಾಗಿರುವುದರಿಂದ ಮೇಲಿನ ಭಾಗದಲ್ಲಿ ೬೦, ಕೆಳಗಿನ ಭಾಗದಲ್ಲಿ ೧೭೬ ಎಂದು ಬರೆಯಬೇಕು. ಅರವತ್ತನ್ನು ೨೫೬ರಿಂದ ಗುಣಿಸಿ ೧೭೬ನ್ನು ಕೂಡಿಸಿದರೆ ೧೫,೫೩೬ ಬರುತ್ತದೆ. ಹೀಗೆ ಮಾಡಿದರೆ ಪ್ರತಿ ಹೊರಳುವಿಕೆಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಇಪ್ಪತ್ತು ಹೊರಳಿದರೆ ಒಂದು ಸೆಕೆಂಡು.

ಕ್ರಮವಿಧಿಯ ಹೆಜ್ಜೆಗಳು ಹೆಚ್ಚಿಲ್ಲ. ಟಿಮಾಡ್ ಎಂಬ ರಿಜಿಸ್ಟರಿನಲ್ಲಿ ಟೈಮರಿನ ರೀತಿಯನ್ನು ಆರಿಸಬೇಕು: ಹದಿನಾರು ಬಿಟ್ಟಿನ ಎಣಿಕೆಯೋ, ಎಂಟು ಬಿಟ್ಟಿನದೋ, ಒಳಗಿನ ಸ್ಫಟಿಕದ ಸ್ಪಂದಗಳನ್ನು ಎಣಿಸಬೇಕೋ, ಹೊರಗಿನ ತಂತಿಯ ಮೇಲೆ ಬರುವ ಸ್ಪಂದಗಳನ್ನೋ. ಅನಂತರ ಟಿಎಚ್೦, ಟಿಎಲ್೦ ಎಂಬ ಎರಡು ಭಾಗಗಳಲ್ಲಿ ಆರಂಭಾಂಕವನ್ನು ತುಂಬಬೇಕು. ಟಿಆರ್೦ ಎಂಬ ಬಿಟ್ಟನ್ನು ಎತ್ತಿದರೆ ಎಣಿಕೆ ಹೊರಡುತ್ತದೆ. ತುಂಬಿ ಹೊರಳಿದಾಗ ಟಿಎಫ್೦ ಎಂಬ ಧ್ವಜ ಏಳುತ್ತದೆ.

ಧ್ವಜ ಎದ್ದುದು ತಿಳಿಯುವುದು ಹೇಗೆ? ಎರಡು ಮಾರ್ಗಗಳಿವೆ. ಒಂದು, ಕ್ರಮವಿಧಿಯೇ ಮತ್ತೆ ಮತ್ತೆ ಹೋಗಿ ಧ್ವಜವನ್ನು ನೋಡುತ್ತಿರುವುದು. ಇನ್ನೊಂದು, ಧ್ವಜ ಎದ್ದೊಡನೆ ಚಿಪ್ಪು ತಾನೇ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ ಗೊತ್ತಾದ ವಿಳಾಸಕ್ಕೆ ಹಾರುವಂತೆ ಏರ್ಪಡಿಸುವುದು. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಮೊದಲನೆಯದು ಬಟ್ಟಲಿನ ಮೇಲೆಯೇ ಕಣ್ಣಿಟ್ಟು ಕುಳಿತಂತೆ. ಎರಡನೆಯದು ಬಟ್ಟಲು ಮುಳುಗಿದ ಸದ್ದಿಗೆ ಎದ್ದು ಬಂದಂತೆ.

ಬಟ್ಟಲೆಂದೆವು. ಇಲ್ಲಿ ಗಳಿಗೆಬಟ್ಟಲಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ಮುಂದುವರಿಯಲಾಗದು. ನಮ್ಮ ಪೆಟ್ಟಿಗೆಯ ರೋಗ ನಮಗೆ ತಿಳಿದುದು ಅದರಿಂದಲೇ. ತಾಮ್ರದ ಅರ್ಧಗೋಳಾಕಾರದ ಬಟ್ಟಲು, ತಳದಲ್ಲಿ ಸೂಕ್ಷ್ಮವಾದ ರಂಧ್ರ. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ರಂಧ್ರದಿಂದ ನೀರು ಒಳನುಗ್ಗಿ ಒಂದು ಗಳಿಗೆಯಲ್ಲಿ, ಎಂದರೆ ೨೪ ನಿಮಿಷಗಳಲ್ಲಿ, ಅದು ಮುಳುಗುತ್ತದೆ. ಹಗಲು ರಾತ್ರಿ ಕೂಡಿ ಅರವತ್ತು ಬಾರಿ ಮುಳುಗುವಂತೆ ಅದನ್ನು ಮಾಡಬೇಕೆಂದು ಸೂರ್ಯಸಿದ್ಧಾಂತದಲ್ಲಿ ಹೇಳಿದೆ. ಹಲಸಿಯ ತಾಮ್ರಶಾಸನಗಳನ್ನು ಸಂಪಾದಿಸಿದ, ಕನ್ನಡನಾಡಿನ ರಾಜವಂಶಗಳ ಇತಿಹಾಸವನ್ನು ಬರೆದ ಜೆ. ಎಫ್. ಫ್ಲೀಟರೇ ೧೯೧೫ರಲ್ಲಿ ಪ್ರಾಚೀನ ಭಾರತದ ಜಲಘಟಿಕೆಯನ್ನು ಕುರಿತು ಪ್ರತ್ಯೇಕ ಲೇಖನವನ್ನು ಪ್ರಕಟಿಸಿದರು. ಶಾಸನಗಳ ತಿಥಿಗಳನ್ನು ಗಣಿಸುವವರಿಗೆ ತಿಥಿಯನ್ನು ಅಳೆದ ಪಾತ್ರೆಯ ಮೇಲೂ ಕುತೂಹಲ ಹುಟ್ಟುವುದು ಸಹಜ. ಮದುವೆಯ ಮುಹೂರ್ತಕ್ಕೆ ಗಳಿಗೆಬಟ್ಟಲನ್ನು ತೇಲಿಬಿಡುವ ಪದ್ಧತಿ ನಮ್ಮ ಭಾಗದ ಮನೆಗಳಲ್ಲಿ ಗಡಿಯಾರ ಬಂದ ಮೇಲೂ ಬಹುಕಾಲ ಉಳಿದಿತ್ತು.

ಈ ಬಟ್ಟಲಿನ ದೋಷ ಎಲ್ಲಿದೆ? ರಂಧ್ರದಲ್ಲಿ ಇರಬಹುದು, ಕಸ ಸಿಕ್ಕಿಕೊಂಡರೆ ನೀರು ನಿಧಾನವಾಗಿ ನುಗ್ಗೀತು. ನೀರಿನಲ್ಲಿ ಇರಬಹುದು, ಚಳಿಯ ನೀರಿಗೂ ಬೇಸಗೆಯ ನೀರಿಗೂ ಹರಿವಿನಲ್ಲಿ ಭೇದವುಂಟು. ಆದರೆ ಇವೆರಡರ ಹೊರಗೆ ಮೂರನೆಯದೊಂದಿದೆ. ಬಟ್ಟಲು ಮುಳುಗಿತು, ಕಾಯುವವನು ಅದನ್ನು ನೋಡಿದನು, ಕೈಯಿಕ್ಕಿ ಎತ್ತಿದನು, ನೀರನ್ನು ಚೆಲ್ಲಿದನು, ಮತ್ತೆ ತೇಲಿಬಿಟ್ಟನು. ಮುಳುಗಿದ ಕ್ಷಣದಿಂದ ತೇಲಿಬಿಟ್ಟ ಕ್ಷಣದವರೆಗಿನ ಕಾಲ ಯಾರ ಲೆಕ್ಕದಲ್ಲಿಯೂ ಇಲ್ಲ. ಪ್ರತಿ ಬಾರಿ ಆರು ಸೆಕೆಂಡು ಹಿಡಿದರೂ ಅರವತ್ತು ಗಳಿಗೆಗೆ ಆರು ನಿಮಿಷ ಕಾಣೆಯಾಗುತ್ತದೆ. ಬಟ್ಟಲು ನಿರ್ದೋಷಿ, ನೀರು ನಿರ್ದೋಷಿ, ಕಾಯುವವನೂ ಸೋಮಾರಿಯಲ್ಲ; ಆದರೂ ದಿನ ತಪ್ಪುತ್ತದೆ.

ಆದರೆ ಗಳಿಗೆಯ ಎಣಿಕೆಯನ್ನು ದಿನದಿನವೂ ಸೂರ್ಯೋದಯದಿಂದ ಹೊಸದಾಗಿ ಆರಂಭಿಸುತ್ತಿದ್ದುದರಿಂದ ಈ ತಪ್ಪು ಒಂದು ದಿನವನ್ನು ಮೀರಿ ಬೆಳೆಯುತ್ತಿರಲಿಲ್ಲ. ನಮ್ಮ ಪೆಟ್ಟಿಗೆಗೆ ಸೂರ್ಯೋದಯವಿರಲಿಲ್ಲ.

ಪೆಟ್ಟಿಗೆ ತಡವಾಗುತ್ತಿದೆಯೆಂದು ತಿಳಿದಾಗ ಎಲ್ಲರೂ ಮೊದಲು ದೂರಿದ್ದು ಸ್ಫಟಿಕವನ್ನು. ಅಂಗಡಿಯೊಂದರಿಂದ ಬೇರೆ ಸ್ಫಟಿಕವನ್ನು ತರಿಸಿ ಬೆಸೆಯಿಸಿದೆವು. ಮರುದಿನ ಪೆಟ್ಟಿಗೆ ಒಂದು ಗಂಟೆ ಐವತ್ತಮೂರು ನಿಮಿಷದಷ್ಟು ಹಿಂದೆ ಬಿದ್ದಿತ್ತು! ಹನ್ನೆರಡು ಮೆಗಾಹರ್ಟ್ಸಿನದಕ್ಕೆ ಬದಲಾಗಿ ೧೧.೦೫೯೨ ಮೆಗಾಹರ್ಟ್ಸಿನ ಸ್ಫಟಿಕ ಬಂದಿದ್ದಿತು. ಈ ವಿಚಿತ್ರ ಸಂಖ್ಯೆಗೂ ಕಾರಣವುಂಟು: ಹನ್ನೆರಡರಿಂದ ಭಾಗಿಸಿದರೆ ೯,೨೧,೬೦೦ ಸ್ಪಂದಗಳು ಬರುತ್ತವೆ, ಅದನ್ನು ಮೂವತ್ತೆರಡರಿಂದಲೂ ಮೂರರಿಂದಲೂ ಭಾಗಿಸಿದರೆ ಸರಿಯಾಗಿ ೯,೬೦೦, ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಣಿಯಾಗಿ ಸಂದೇಶವನ್ನು ಕಳುಹಿಸುವವರಿಗೆ ಬೇಕಾದ ವೇಗ ಅದು. ಗಡಿಯಾರಕ್ಕೂ ಅದು ಬರುತ್ತದೆ, ಆದರೆ ಆಗ ಆರಂಭಾಂಕ ೧೫,೫೩೬ ಅಲ್ಲ, ೧೯,೪೫೬ ಆಗಬೇಕು. ನಮ್ಮ ಕ್ರಮವಿಧಿಗೆ ಸ್ಫಟಿಕ ಬದಲಾದ ಸುದ್ದಿ ತಿಳಿದಿರಲಿಲ್ಲ. ಆರಂಭಾಂಕಕ್ಕೆ ಸ್ಫಟಿಕದ ಹೊರತು ಅರ್ಥವಿಲ್ಲ ಎಂಬ ಪಾಠವನ್ನು ನಾವು ಹೀಗೆ, ಅರ್ಧ ದಿನದ ಗೊಂದಲವನ್ನು ತೆತ್ತು, ಕಲಿತೆವು.

ಹಳೆಯ ಸ್ಫಟಿಕವನ್ನೇ ಮರಳಿ ಕೂಡಿಸಿ ಈ ಬಾರಿ ನಮಗೆ ತಿಳಿದ ವಿಧಾನವನ್ನು ಅನುಸರಿಸಿದೆವು: ದಿನಚರಿಯನ್ನು ಬರೆದೆವು. ಪ್ರತಿದಿನ ಆಕಾಶವಾಣಿಯ ಸಮಯಸಂಕೇತದೊಡನೆ ಪೆಟ್ಟಿಗೆಯನ್ನು ಹೋಲಿಸಿ ವ್ಯತ್ಯಾಸವನ್ನು ಗುರುತಿಸಿಕೊಂಡೆವು. ದಿನಕ್ಕೆ ಹದಿನೇಳು ಸೆಕೆಂಡು. ಮರುದಿನವೂ ಹದಿನೇಳು. ಮಳೆಯ ದಿನವೂ, ಬಿಸಿಲು ಬಿದ್ದ ದಿನವೂ ಹದಿನೇಳು. ಒಂದು ದಿನಕ್ಕೆ ೮೬,೪೦೦ ಸೆಕೆಂಡುಗಳು; ಅದರಲ್ಲಿ ಹದಿನೇಳೆಂದರೆ ಹತ್ತು ಲಕ್ಷಕ್ಕೆ ಸುಮಾರು ಇನ್ನೂರು ಭಾಗ. ಸಾಧಾರಣ ಸ್ಫಟಿಕದ ತಪ್ಪು ಹತ್ತು ಲಕ್ಷಕ್ಕೆ ಐವತ್ತು ಭಾಗದೊಳಗಿರುವುದು ವಾಡಿಕೆ; ಅದರಿಂದ ದಿನಕ್ಕೆ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ತಪ್ಪಬಹುದೇ ಹೊರತು ಹದಿನೇಳಲ್ಲ. ಹವೆಯೊಡನೆ ಕದಲದೆ ದಿನದಿನವೂ ಒಂದೇ ಆಗಿರುವ ತಪ್ಪು ಪದಾರ್ಥದ್ದಾಗಿರದೆ ಲೆಕ್ಕದ್ದಾಗಿರಬೇಕೆಂದು ನಮಗೆ ತೋರಿತು. ಶಾಸನಗಳ ಪಾಠದಲ್ಲಿಯೂ ಹೀಗೆಯೇ: ಒಂದೇ ಕಡೆ ಅಕ್ಷರ ತಪ್ಪಿದ್ದರೆ ಉಳಿ ಜಾರಿರಬಹುದು, ಎಲ್ಲ ಕಡೆಯೂ ಒಂದೇ ತಪ್ಪಿದ್ದರೆ ಮೂಲ ಓಲೆಯನ್ನೇ ನೋಡಬೇಕು.

ಮೂಲವನ್ನು ನೋಡಿದೆವು. ಪೆಟ್ಟಿಗೆಯ ಕ್ರಮವಿಧಿಯ ಪ್ರತಿಯನ್ನು ತರಿಸಿಕೊಂಡು, ವಿದ್ಯುನ್ಮಾನ ವಿಭಾಗದ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಕುಳಿತು ಓದಿದೆವು. ಟೈಮರು ಹೊರಳಿದೊಡನೆ ಇಂಟರಪ್ಟ್ ಏಳುತ್ತದೆ. ಚಿಪ್ಪು ನಡೆಯುತ್ತಿರುವ ಆದೇಶವನ್ನು ಮುಗಿಸಿ ಗೊತ್ತಾದ ವಿಳಾಸಕ್ಕೆ ಹಾರುವುದಕ್ಕೆ ಕನಿಷ್ಠ ಮೂರು ಯಂತ್ರಾವರ್ತಗಳು ಬೇಕು. ಅಲ್ಲಿಂದ ನಿಜವಾದ ಕ್ರಮವಿಧಿಗೆ ಹಾರಲು ಎರಡು. ಟೈಮರನ್ನು ನಿಲ್ಲಿಸಲು ಒಂದು. ಮೇಲಿನ ಭಾಗಕ್ಕೆ ೬೦ನ್ನು ತುಂಬಲು ಎರಡು, ಕೆಳಗಿನದಕ್ಕೆ ೧೭೬ನ್ನು ತುಂಬಲು ಎರಡು. ಆಮೇಲೆ ಮತ್ತೆ ಹೊರಡಿಸುವುದು. ಎಲ್ಲ ಸೇರಿ ಹತ್ತರ ಆಸುಪಾಸು. ಅಷ್ಟರಲ್ಲಿ ಕಳೆದ ಹತ್ತು ಮೈಕ್ರೋಸೆಕೆಂಡುಗಳನ್ನು ಆರಂಭಾಂಕ ಅಳಿಸಿಹಾಕುತ್ತದೆ. ಐವತ್ತು ಸಾವಿರಕ್ಕೆ ಹತ್ತು ಎಂದರೆ ಹತ್ತು ಲಕ್ಷಕ್ಕೆ ಇನ್ನೂರು, ದಿನಕ್ಕೆ ೧೭.೨೮ ಸೆಕೆಂಡು; ಇಪ್ಪತ್ತೊಂದು ದಿನಕ್ಕೆ ೩೬೩ ಸೆಕೆಂಡು, ಆರು ನಿಮಿಷ. ಬಟ್ಟಲನ್ನು ಎತ್ತಿ ಚೆಲ್ಲಿ ಮತ್ತೆ ತೇಲಿಬಿಡುವವನ ಕೈಯ ಕಾಲ ಅದು. ಖಾನಾಪುರದ ಬಸ್ಸನ್ನು ತಪ್ಪಿಸಿದ್ದು ಸೆಕೆಂಡಿನ ಒಂದು ಲಕ್ಷ ಭಾಗದಲ್ಲಿ ಒಂದು ಭಾಗ.

ಇದಕ್ಕೆ ಪರಿಹಾರಗಳು ಹಲವಿವೆ. ಹತ್ತನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಆರಂಭಾಂಕವನ್ನು ೧೫,೫೪೬ ಎಂದು ತಿದ್ದಬಹುದು. ಹೆಚ್ಚಿನವರು ಮಾಡುವುದು ಇದನ್ನೇ. ನಮಗೆ ಇದು ಸಮ್ಮತವಾಗಲಿಲ್ಲ. ಇಂಟರಪ್ಟ್ ಬಂದಾಗ ಚಿಪ್ಪು ಯಾವ ಆದೇಶದ ನಡುವಿನಲ್ಲಿತ್ತು ಎಂಬುದರ ಮೇಲೆ ಆ ಹತ್ತು ಒಮ್ಮೆ ಹನ್ನೆರಡಾಗಬಹುದು. ನಾಳೆ ಯಾರಾದರೂ ಕ್ರಮವಿಧಿಗೆ ಒಂದು ಸಾಲನ್ನು ಸೇರಿಸಿದರೆ ತಿದ್ದುಪಡಿಯೇ ತಪ್ಪಾಗುತ್ತದೆ. ಇದಕ್ಕಿಂತ ಒಳ್ಳೆಯದು ಆರಂಭಾಂಕವನ್ನು ಹಳೆಯ ಅಂಕೆಯ ಮೇಲೆ ಬರೆಯದೆ, ಹೊರಳಿದ ಮೇಲೆ ಟೈಮರು ಎಣಿಸಿರುವ ಅಂಕೆಗೆ ಕೂಡಿಸುವುದು. ಆಗ ತಡವಾದಷ್ಟು ಕಾಲ ಲೆಕ್ಕದಲ್ಲಿಯೇ ಉಳಿಯುತ್ತದೆ. ಕೂಡಿಸುವಾಗ ಟೈಮರು ನಿಂತಿರುವ ಕೆಲವು ಆವರ್ತಗಳನ್ನು ಮಾತ್ರ ಸೇರಿಸಿಕೊಳ್ಳಬೇಕು. ಎಲ್ಲಕ್ಕಿಂತ ಉತ್ತಮವಾದುದು ಮನುಷ್ಯನ ಕೈಯನ್ನೇ ತಪ್ಪಿಸುವುದು. ೮೯ಎಸ್೫೨ರಲ್ಲಿ ಮೂಲ ೮೦೫೧ರಲ್ಲಿಲ್ಲದ ಮೂರನೆಯ ಟೈಮರೊಂದಿದೆ. ಅದನ್ನು ಟೈಮರ್-೨ ಎನ್ನುತ್ತಾರೆ. ಅದರ ಪಕ್ಕದಲ್ಲಿ ಆರಂಭಾಂಕವನ್ನು ಕಾಯ್ದಿಡುವ ಬೇರೆ ರಿಜಿಸ್ಟರಿನ ಜೋಡಿಯಿದೆ. ಹೊರಳಿದ ಕ್ಷಣದಲ್ಲಿಯೇ ಹಾರ್ಡ್‌ವೇರು ತಾನಾಗಿ ಆ ಅಂಕೆಯನ್ನು ಟೈಮರಿನೊಳಗೆ ತುಂಬುತ್ತದೆ. ಇಂಟರಪ್ಟ್ ತಡವಾಗಿ ಬಂದರೂ ಎಣಿಕೆ ನಿಂತಿರುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಈ ಮೂರನೆಯ ಟೈಮರು ಮೊದಲ ದಿನದಿಂದಲೂ ಕೆಲಸವಿಲ್ಲದೆ ಕುಳಿತಿತ್ತು!

ಕ್ರಮವಿಧಿಯನ್ನು ಅದಕ್ಕೆ ವರ್ಗಾಯಿಸಿದೆವು. ಅಥವಾ ಸಹೋದ್ಯೋಗಿಗಳು ವರ್ಗಾಯಿಸಿದರು, ನಾವು ನೋಡುತ್ತಿದ್ದೆವು ಎನ್ನುವುದು ಪ್ರಾಮಾಣಿಕವಾದೀತು. ಮೊದಲ ಪ್ರಯತ್ನದಲ್ಲಿ ಪೆಟ್ಟಿಗೆ ಹುಚ್ಚು ಹಿಡಿದಂತೆ ಓಡಿ, ಅರ್ಧ ನಿಮಿಷದೊಳಗೆ ಇಡೀ ದಿನದ ಗಂಟೆಗಳನ್ನು ಬಾರಿಸಲು ಹೊರಟಿತು. ಟೈಮರ್-೦ರ ಧ್ವಜವನ್ನು ಇಂಟರಪ್ಟಿಗೆ ಹಾರುವಾಗ ಹಾರ್ಡ್‌ವೇರೇ ಇಳಿಸುತ್ತದೆ. ಟೈಮರ್-೨ರ ಧ್ವಜವನ್ನು ಕ್ರಮವಿಧಿ ಇಳಿಸಬೇಕು. ಇಳಿಸದಿದ್ದರೆ ಮುಗಿದ ಕೆಲಸಕ್ಕೇ ಚಿಪ್ಪು ಮತ್ತೆ ಮತ್ತೆ ಕರೆಯಲ್ಪಡುತ್ತದೆ. ಒಂದು ಸಾಲನ್ನು ಸೇರಿಸಿದ ಮೇಲೆ ಎಲ್ಲವೂ ತಣ್ಣಗಾಯಿತು.

ಈಚಿನ ಮೈಕ್ರೋಕಂಟ್ರೋಲರುಗಳಲ್ಲಿ ವ್ಯವಸ್ಥೆ ಇನ್ನೂ ಸೊಗಸಾಗಿದೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಆರ್ಡುಯಿನೋ ಉನೋ ಹಲಗೆಯ ಮೇಲಿರುವ ಎಟಿಮೆಗಾ೩೨೮ ಚಿಪ್ಪನ್ನು ತೆಗೆದುಕೊಳ್ಳಬಹುದು. ಅದರ ಗಡಿಯಾರ ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಸ್ಪಂದಗಳನ್ನು ಕೊಡುತ್ತದೆ. ನೇರವಾಗಿ ಎಣಿಸಿದರೆ ಹದಿನಾರು ಬಿಟ್ಟಿನ ಟೈಮರು ಸುಮಾರು ನಾಲ್ಕು ಮಿಲಿಸೆಕೆಂಡಿಗೆ ತುಂಬಿಬಿಡುತ್ತದೆ. ಆದುದರಿಂದ ನಡುವೆ ಪ್ರೀಸ್ಕೇಲರ್ ಎಂಬ ಭಾಜಕವನ್ನಿಟ್ಟಿದ್ದಾರೆ: ೮, ೬೪, ೨೫೬, ೧೦೨೪ ಎಂಬ ಸಂಖ್ಯೆಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ೨೫೬ನ್ನು ಆರಿಸಿದರೆ ಸೆಕೆಂಡಿಗೆ ೬೨,೫೦೦ ಸ್ಪಂದಗಳು. ದೊಡ್ಡ ಭಾಜಕದಿಂದ ದೀರ್ಘಕಾಲವನ್ನು ಅಳೆಯಬಹುದು, ಆದರೆ ಅಳತೆ ಒರಟಾಗುತ್ತದೆ. ವರ್ಷಗಳಲ್ಲಿ ಎಣಿಸುವ ಶಾಸನದಿಂದ ದಾನ ನಡೆದ ಗಳಿಗೆಯನ್ನು ತಿಳಿಯಲಾಗದು.

ಈ ಚಿಪ್ಪಿನಲ್ಲಿ ಆರಂಭಾಂಕಕ್ಕೆ ಬದಲಾಗಿ ಅಂತ್ಯಾಂಕವನ್ನು ಕೊಡುವ ರೀತಿಯೊಂದಿದೆ. ಟೈಮರು ಸೊನ್ನೆಯಿಂದ ಎಣಿಸುತ್ತಾ ಹೋಗುತ್ತದೆ. ಪಕ್ಕದ ರಿಜಿಸ್ಟರಿನಲ್ಲಿರುವ ಅಂಕೆಗೆ ಸಮನಾದಾಗ ತಾನೇ ಸೊನ್ನೆಗೆ ಮರಳುತ್ತದೆ. ಒಂದು ಸೆಕೆಂಡಿಗೆ ಅಲ್ಲಿ ಬರೆಯಬೇಕಾದ ಅಂಕೆ ೬೨,೫೦೦ ಅಲ್ಲ, ೬೨,೪೯೯. ಸೊನ್ನೆಯೂ ಒಂದು ಎಣಿಕೆಯಾದುದರಿಂದ ಸೊನ್ನೆಯಿಂದ ೬೨,೪೯೯ರವರೆಗೆ ಒಟ್ಟು ೬೨,೫೦೦ ಆಗುತ್ತದೆ. ಆರಂಭಿಕರು ಬಹುತೇಕ ಎಡವುವುದು ಇಲ್ಲಿಯೇ. ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ಕಷ್ಟವಾಗಲಿಲ್ಲ. ಶಾಸನದಲ್ಲಿ ಹೇಳಿದ ವರ್ಷ ಗತವೋ ವರ್ತಮಾನವೋ ಎಂದು ಕೇಳದೆ ಕ್ರಿಸ್ತಶಕಕ್ಕೆ ತಿರುಗಿಸಿದರೆ ಒಂದು ವರ್ಷ ತಪ್ಪುವುದೆಂದು ಅವರಿಗೆ ಗೊತ್ತು. ಹಲಸಿಯ ಕಲಿವರ್ಷ ೪೨೭೦ ಗತವೆಂದು ಹಿಡಿದಾಗಲೇ ವಿರೋಧಿ ಸಂವತ್ಸರ ಕೂಡಿಬರುತ್ತದೆ.

ಹದಿನಾರು ಬಿಟ್ಟಿನ ಅಂಕೆಯನ್ನು ಎರಡು ಕಂತಿನಲ್ಲಿ ಓದುವಾಗಲೂ ಎಚ್ಚರ ಬೇಕು. ೮೦೫೧ರಲ್ಲಿ ಮೇಲಿನ ಭಾಗ ೬೦ ಎಂದು ಓದಿದೊಡನೆ, ಕೆಳಗಿನ ಭಾಗ ೨೫೫ರಿಂದ ಸೊನ್ನೆಗೆ ಹೊರಳಿ ಮೇಲಿನದು ೬೧ ಆಗಿಬಿಡಬಹುದು. ಆಗ ನಮ್ಮ ಕೈಗೆ ಬರುವುದು ೬೦ ಮತ್ತು ೦, ನಿಜಕ್ಕಿಂತ ೨೫೬ ಕಡಿಮೆ. ಮೇಲಿನದನ್ನು ಓದಿ, ಕೆಳಗಿನದನ್ನು ಓದಿ, ಮತ್ತೆ ಮೇಲಿನದನ್ನು ಓದಿ ನೋಡಿ, ಬದಲಾಗಿದ್ದರೆ ಮೊದಲಿನಿಂದ ಓದುವುದು ರೂಢಿ.

ಎರಡು ಕ್ಷಣಗಳ ನಡು ಎಷ್ಟು ಕಾಲ ಕಳೆಯಿತೆಂಬುದನ್ನು ತಿಳಿಯುವ ರೀತಿಯನ್ನೂ ಇಲ್ಲಿ ಹೇಳಬೇಕು. ಟೈಮರನ್ನು ನಿಲ್ಲಿಸಿ ಸೊನ್ನೆ ಮಾಡಿ ಹೊರಡಿಸುವ ಅಗತ್ಯವಿಲ್ಲ. ಓಡುತ್ತಿರುವ ಟೈಮರಿನಿಂದ ಮೊದಲ ಅಂಕೆಯನ್ನೂ ಕಡೆಯ ಅಂಕೆಯನ್ನೂ ಬರೆದುಕೊಂಡು ಕಳೆದರೆ ಸಾಕು. ನಡುವೆ ಹೊರಳಿದ್ದರೆ? ರಕ್ತಾಕ್ಷಿಯಲ್ಲಿ ಹುಟ್ಟಿದ ಮಗುವಿಗೆ ವಿಭವದಲ್ಲಿ ವಯಸ್ಸೆಷ್ಟು? ರಕ್ತಾಕ್ಷಿ ೫೮ನೆಯದು, ವಿಭವ ಎರಡನೆಯದು. ಎರಡರಲ್ಲಿ ಐವತ್ತೆಂಟು ಹೋಗದು. ಅರವತ್ತನ್ನು ಕೂಡಿಸಿ ಕಳೆದರೆ ನಾಲ್ಕು. ಮೈಕ್ರೋಕಂಟ್ರೋಲರಿನ ಅಂಕಗಣಿತ ಋಣಸಂಖ್ಯೆಯಿಲ್ಲದೆ ಕಳೆಯುವಾಗ ಈ ಕೂಡಿಸುವಿಕೆಯನ್ನು ತಾನೇ ಮಾಡುತ್ತದೆ. ಒಂದು ಚಕ್ರಕ್ಕಿಂತ ಹೆಚ್ಚು ಕಾಲ ಕಳೆದಿರಬಾರದೆಂಬುದೊಂದೇ ನಿಬಂಧನೆ. ಆರ್ಡುಯಿನೋದಲ್ಲಿ ಮಿಲಿಸೆಕೆಂಡುಗಳನ್ನು ಎಣಿಸುವ ಮೂವತ್ತೆರಡು ಬಿಟ್ಟಿನ ಅಂಕೆ ಸುಮಾರು ನಲವತ್ತೊಂಬತ್ತು ದಿನ ಹದಿನೇಳು ಗಂಟೆಗೆ ಹೊರಳುತ್ತದೆ. ಎರಡು ಅಂಕೆಗಳಲ್ಲಿ ಯಾವುದು ದೊಡ್ಡದೆಂದು ಹೋಲಿಸಿ ಬರೆದ ಕ್ರಮವಿಧಿಗಳು ಐವತ್ತನೆಯ ದಿನ ಕೆಡುತ್ತವೆ. ಕಳೆದು ಬರೆದವು ಕೆಡುವುದಿಲ್ಲ.

ಪೆಟ್ಟಿಗೆಯ ಕಥೆಯಲ್ಲಿ ಇನ್ನೊಂದು ಅಂಶ ಉಳಿದಿದೆ. ಟೈಮರ್-೨ಕ್ಕೆ ಬದಲಾಯಿಸಿದ ಮೇಲೆ ದಿನದ ತಪ್ಪು ಹದಿನೇಳರಿಂದ ಎರಡು ಸೆಕೆಂಡಿಗೆ ಇಳಿಯಿತು. ಆ ಎರಡು ಒಂದೇ ಸಮನಾಗಿರಲಿಲ್ಲ. ತಂಪಾದ ವಾರ ಒಂದೂವರೆ, ಬಿಸಿಯ ವಾರ ಎರಡೂವರೆ. ಇದು ಸ್ಫಟಿಕದ ಪಾಲು. ಇದನ್ನು ಕ್ರಮವಿಧಿಯಿಂದ ತೆಗೆಯಲಾಗದು, ಹೊರಗಿನ ಸಾಕ್ಷಿಯೊಂದು ಬೇಕು. ಭಾರತೀಯ ರೈಲ್ವೆಯ ನಿಯಮಾವಳಿಯಲ್ಲಿ ದಿನವೂ ೧೬ ಗಂಟೆಗೆ ಮುಖ್ಯ ನಿಲ್ದಾಣಗಳಿಗೆಲ್ಲ ಪ್ರಮಾಣಕಾಲವನ್ನು ತಿಳಿಸತಕ್ಕದ್ದೆಂಬ ವಿಧಿಯಿದೆ. ಗಡಿಯಾರ ಎಷ್ಟೇ ಉತ್ತಮವಾಗಿದ್ದರೂ ರೈಲ್ವೆಯವರು ಅದನ್ನು ಒಂದು ದಿನಕ್ಕಿಂತ ಹೆಚ್ಚು ನಂಬುವುದಿಲ್ಲ. ಗಳಿಗೆಬಟ್ಟಲಿನವರು ಸೂರ್ಯೋದಯವನ್ನು ಕಾಯುತ್ತಿದ್ದುದೂ ಇದೇ ಕಾರಣಕ್ಕೆ. ಆದರೆ ಈಗ ಸೂರ್ಯನನ್ನು ನಂಬಿ ಬಸ್ಸಿಗೆ ಹೋಗುವಂತಿಲ್ಲ. ೧೯೦೬ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣಕಾಲದ ರೇಖಾಂಶ ೮೨.೫ ಅಂಶ, ಬೆಳಗಾವಿ ಖಾನಾಪುರಗಳೆರಡೂ ಸುಮಾರು ೭೪.೫ ಅಂಶದಲ್ಲಿವೆ. ಆದುದರಿಂದ ಇಲ್ಲಿಯ ಸ್ಥಾನಿಕ ಮಧ್ಯಾಹ್ನ ಗಡಿಯಾರದಲ್ಲಿ ಹನ್ನೆರಡು ಗಂಟೆ ಮೂವತ್ತೆರಡು ನಿಮಿಷದ ಸುಮಾರಿಗೆ ಆಗುತ್ತದೆ. ನಾವು ಸೋಮವಾರಕ್ಕೊಮ್ಮೆ ಆಕಾಶವಾಣಿಯ ಸಂಕೇತಕ್ಕೆ ಪೆಟ್ಟಿಗೆಯನ್ನು ಹೊಂದಿಸುತ್ತೇವೆ. ಏಳು ದಿನಕ್ಕೆ ಹದಿನಾಲ್ಕು ಸೆಕೆಂಡು ತಪ್ಪಿದರೂ ಖಾನಾಪುರದ ಬಸ್ಸು ಸಿಗುತ್ತದೆ.

ಪೆಟ್ಟಿಗೆಯನ್ನು ಮುಚ್ಚುವ ಮೊದಲು ಒಳಬದಿಗೆ ಒಂದು ಕಾಗದವನ್ನು ಅಂಟಿಸಿದೆವು. ಅದರ ಮೇಲೆ ಸ್ಫಟಿಕದ ಕಂಪನಸಂಖ್ಯೆ, ಭಾಜಕ ಹನ್ನೆರಡು, ಆರಂಭಾಂಕ ೧೫,೫೩೬, ಇಪ್ಪತ್ತು ಹೊರಳಿಗೆ ಒಂದು ಸೆಕೆಂಡು, ಎಣಿಕೆಯನ್ನು ಸೊನ್ನೆಯಿಂದ ಹೊರಡಿಸಿದ ದಿನ ಮತ್ತು ಗಂಟೆ ಇಷ್ಟನ್ನು ಬರೆದಿದ್ದೇವೆ. ಸಹೋದ್ಯೋಗಿಗಳು ಇಷ್ಟೆಲ್ಲ ಏತಕ್ಕೆಂದು ನಕ್ಕರು. ಕಾಕುಸ್ಥವರ್ಮನ ಲಿಪಿಕಾರನು ತನ್ನ ಎಂಬತ್ತರ ಪಕ್ಕದಲ್ಲಿ ಇನ್ನೊಂದೇ ಒಂದು ಪದವನ್ನು ಕೆತ್ತಿದ್ದರೆ ಎಷ್ಟು ಲೇಖನಗಳು ಉಳಿಯುತ್ತಿದ್ದವೆಂದು ಅವರಿಗೆ ಹೇಳಿ, ಮೊಳೆಗಳನ್ನು ತಿರುಗಿಸಿದೆವು.